ಕಂಪ್ಯೂಟರ್ ಅನಿಮೇಷನ್ ಚಿತ್ರಗಳಲ್ಲಿ ನೈಜತೆ ಎಲ್ಲಿ ಬೇಕು, ಕಾರ್ಟೂನ್ ಎಲ್ಲಿ ಬೇಕು

2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಐದು ದಿನಗಳ ಅಂತರದಲ್ಲಿ ಎರಡು ಕಂಪ್ಯೂಟರ್ ಅನಿಮೇಷನ್ ಚಿತ್ರಗಳು ತೆರೆಕಂಡವು. ಒಂದು ಪಿಕ್ಸಾರ್ ಸ್ಟುಡಿಯೋದ ‘ದಿ ಇನ್‌ಕ್ರೆಡಿಬಲ್ಸ್’, ಇನ್ನೊಂದು ರಾಬರ್ಟ್ ಜೆಮೆಕಿಸ್ ನಿರ್ದೇಶಿಸಿದ ‘ದಿ ಪೋಲಾರ್ ಎಕ್ಸ್‌ಪ್ರೆಸ್’. ಎರಡರಲ್ಲೂ ಕಥೆಯನ್ನು ಹೊತ್ತವರು ಮನುಷ್ಯರೇ. ಮೊದಲನೆಯದರಲ್ಲಿ ಅಪ್ಪನ ಎದೆ ಬಾಗಿಲು ತುಂಬುವಷ್ಟು ಅಗಲ, ಕಾಲುಗಳು ಮಾತ್ರ ಪುಟ್ಟವು. ಮಕ್ಕಳ ಕಣ್ಣುಗಳು ಮುಖದ ಅಳತೆ ಮೀರಿ ದೊಡ್ಡವು. ಅಂಥ ಮೈಕಟ್ಟಿನ ಮನುಷ್ಯರು ಎಲ್ಲೂ ಇಲ್ಲ. ಎರಡನೆಯದರಲ್ಲಿ ನಟ ಟಾಮ್ ಹ್ಯಾಂಕ್ಸ್ ಅವರ ಮುಖಕ್ಕೂ ಮೈಗೂ ಗುರುತಿನ ಚುಕ್ಕಿಗಳನ್ನು ಅಂಟಿಸಿ, ಅವರ ಒಂದೊಂದು ಚಲನೆಯನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಅದರಿಂದ ಹಲವು ಪಾತ್ರಗಳನ್ನು ಕಟ್ಟಿದ್ದರು. ಹಾಗೆ ನೋಡಿದರೆ ಎರಡನೆಯದೇ ಹೆಚ್ಚು ಜೀವಂತ ಅನ್ನಿಸಬೇಕಿತ್ತು. ಆದದ್ದು ತಿರುಗುಮುರುಗು. ‘ಪೋಲಾರ್ ಎಕ್ಸ್‌ಪ್ರೆಸ್’ ಮಕ್ಕಳ ಕಣ್ಣಲ್ಲಿ ಜೀವವೇ ಇಲ್ಲ ಎಂದು ಹಲವು ವಿಮರ್ಶಕರು ಬರೆದರು. ‘ಇನ್‌ಕ್ರೆಡಿಬಲ್ಸ್’ ಮನೆಯ ಊಟದ ಮೇಜಿನ ಜಗಳ ನೋಡಿದವರಿಗೆ ಆ ಎದೆ, ಆ ಕಣ್ಣು ಯಾವುದೂ ಅಡ್ಡ ಬರಲಿಲ್ಲ.

ಇದನ್ನು ಇಟ್ಟುಕೊಂಡು ‘ನೈಜತೆ ಅತಿಯಾಯಿತು, ಕಾರ್ಟೂನೇ ವಾಸಿ’ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ‘ಇನ್‌ಕ್ರೆಡಿಬಲ್ಸ್’ ಚಿತ್ರದ ಬಟ್ಟೆ, ಕೂದಲು, ಚರ್ಮದ ಮೇಲಿನ ಬೆಳಕು ಆ ಕಾಲಕ್ಕೆ ಸಾಕಷ್ಟು ನೈಜವಾಗಿಯೇ ಇದ್ದವು. ನೈಜ ಮತ್ತು ಕಾರ್ಟೂನ್ ಎಂಬುದನ್ನು ನಾವು ಒಂದೇ ಗೆರೆಯ ಎರಡು ತುದಿಗಳೆಂದು ಕಲ್ಪಿಸಿಕೊಳ್ಳುತ್ತೇವೆ. ಸ್ಟುಡಿಯೋದಲ್ಲಿ ಕೆಲಸ ನಡೆಯುವ ರೀತಿ ಬೇರೆ. ಪಾತ್ರದ ಆಕಾರವನ್ನು ಒಂದು ತಂಡ ನಿರ್ಧರಿಸುತ್ತದೆ. ಅದರ ಮೇಲ್ಮೈ, ಅಂದರೆ ಚರ್ಮ, ತುಪ್ಪಳ, ಬಟ್ಟೆ ಹೇಗಿರಬೇಕೆಂಬುದನ್ನು ಇನ್ನೊಂದು ತಂಡ ನೋಡಿಕೊಳ್ಳುತ್ತದೆ. ಬೆಳಕಿಗೆ ಬೇರೆ ತಂಡ, ಚಲನೆಗೆ ಬೇರೆ ತಂಡ. ಈ ನಾಲ್ಕರಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ನೈಜತೆಯ ಕಡೆಗೋ ಉತ್ಪ್ರೇಕ್ಷೆಯ ಕಡೆಗೋ ವಾಲಬಹುದು. ನನ್ನ ಮಟ್ಟಿಗೆ ಈ ಚರ್ಚೆಯ ತಿರುಳೆಲ್ಲ ಅಲ್ಲೇ ಇದೆ. ‘ಇದು ನಿಜವಾದ ಮನುಷ್ಯ’ ಎಂದು ಚರ್ಮ ಒಮ್ಮೆ ಮಾತು ಕೊಟ್ಟಮೇಲೆ ಕಣ್ಣು ಆ ಮಾತನ್ನು ಉಳಿಸಿಕೊಳ್ಳಬೇಕು, ಕುತ್ತಿಗೆ ಉಳಿಸಿಕೊಳ್ಳಬೇಕು, ಹೆಜ್ಜೆ ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳಲಾಗದಿದ್ದರೆ ಆ ಮಾತನ್ನು ಕೊಡಲೇಬಾರದು.

ಯಂತ್ರಕ್ಕೆ ಸುಲಭವಾದದ್ದು

ಕೈಯಲ್ಲಿ ಚಿತ್ರ ಬರೆಯುವವರಿಗೆ ಸರಳಗೊಳಿಸುವುದು ಅನಿವಾರ್ಯ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಬೇಡುತ್ತದೆ. ಒಂದೊಂದರಲ್ಲೂ ಕೂದಲೆಳೆ, ಚರ್ಮದ ರಂಧ್ರ ಬರೆಯುತ್ತ ಕೂತರೆ ಚಿತ್ರ ಮುಗಿಯುವುದಿಲ್ಲ. ಗೆರೆ ಕಡಿಮೆ ಮಾಡಿ, ಆ ಕೆಲವೇ ಗೆರೆಗಳಿಂದ ಹೆಚ್ಚು ಕೆಲಸ ತೆಗೆಯಬೇಕು. ಕಾರ್ಟೂನ್ ಶೈಲಿ ಹುಟ್ಟಿದ್ದರಲ್ಲಿ ಕಲೆಯ ಜೊತೆಗೆ ಈ ದುಡಿಮೆಯ ಲೆಕ್ಕವೂ ಇದೆ.

ಕಂಪ್ಯೂಟರಿನಲ್ಲಿ ಈ ಲೆಕ್ಕ ತಲೆಕೆಳಗು. ಒಂದು ಕುರ್ಚಿಯನ್ನು ಒಮ್ಮೆ ಮೂರು ಆಯಾಮದಲ್ಲಿ ಕಟ್ಟಿಟ್ಟರೆ ಸಾಕು, ಯಾವ ಕೋನದಿಂದ ನೋಡಿದರೂ ಅದರ ಅಳತೆ ತಪ್ಪುವುದಿಲ್ಲ, ನೆರಳು ಬೀಳಬೇಕಾದ ಕಡೆಯೇ ಬೀಳುತ್ತದೆ. ಕೈಯಲ್ಲಿ ಚಿತ್ರ ಬರೆಯುವ ಕಲಾವಿದರು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿಯುವುದು ಇಲ್ಲಿ ತಾನಾಗಿಯೇ ಬರುತ್ತದೆ. ಕಷ್ಟವಾಗುವುದು ಮೆತ್ತಗಿನದು, ಬಳುಕುವುದು, ಉಸಿರಾಡುವುದು. ಆರಂಭದ ದಿನಗಳಲ್ಲಿ ಗಟ್ಟಿಯಾದ, ನುಣುಪಾದ ವಸ್ತುಗಳಷ್ಟೇ ಚೆನ್ನಾಗಿ ಬರುತ್ತಿದ್ದವು. ಪಿಕ್ಸಾರ್ 1986ರಲ್ಲಿ ಮೇಜಿನ ಮೇಲಿನ ದೀಪಗಳನ್ನೇ ಪಾತ್ರ ಮಾಡಿಕೊಂಡು ಪುಟ್ಟ ಚಿತ್ರ ಮಾಡಿತು. 1988ರ ‘ಟಿನ್ ಟಾಯ್’ ಎಂಬ ಕಿರುಚಿತ್ರದಲ್ಲಿ ತಗಡಿನ ಆಟಿಕೆಯ ಜೊತೆಗೆ ಒಂದು ಎಳೆಮಗುವೂ ಇದೆ. ಆಟಿಕೆ ಇವತ್ತಿಗೂ ಮುದ್ದಾಗಿದೆ. ಮಗುವನ್ನು ನೋಡಿದರೆ ಮುಖ ತಿರುಗಿಸುವ ಹಾಗಾಗುತ್ತದೆ: ಚರ್ಮ ಪ್ಲಾಸ್ಟರ್‌ನಂತೆ, ನಗು ಯಾರೋ ಬಾಯಿಯ ಎರಡು ತುದಿ ಹಿಡಿದು ಎಳೆದಂತೆ. ಚಿತ್ರಕ್ಕೆ ಆಸ್ಕರ್ ಬಂತು. 1995ರಲ್ಲಿ ಪೂರ್ಣಾವಧಿಯ ಮೊದಲ ಸಂಪೂರ್ಣ ಕಂಪ್ಯೂಟರ್ ಅನಿಮೇಷನ್ ಚಿತ್ರ ‘ಟಾಯ್ ಸ್ಟೋರಿ’ ಬಂದಾಗ ಕಥೆ ಆಟಿಕೆಗಳದ್ದೇ ಆಯಿತು, ಮನುಷ್ಯರು ಆದಷ್ಟು ಅಂಚಿನಲ್ಲೇ ಉಳಿದರು. ಯಂತ್ರ ಏನನ್ನು ಚೆನ್ನಾಗಿ ಮಾಡುತ್ತದೋ ಅದರೊಳಗಿಂದಲೇ ಕಥೆಯನ್ನು ಎತ್ತಿಕೊಂಡದ್ದು ಆ ತಂಡದ ದೊಡ್ಡ ಜಾಣ್ಮೆ.

ಚರ್ಮ ಯಾಕೆ ಅಷ್ಟು ಕಷ್ಟ? ಲೋಹದ ಮೇಲೆ ಬಿದ್ದ ಬೆಳಕು ಬಿದ್ದ ಜಾಗದಿಂದಲೇ ಪುಟಿದು ಹಿಂತಿರುಗುತ್ತದೆ. ಚರ್ಮದ ಮೇಲೆ ಬಿದ್ದದ್ದರಲ್ಲಿ ಒಂದಷ್ಟು ಒಳಕ್ಕಿಳಿದು, ಅಲ್ಲಿ ಚದುರಿ, ರಕ್ತದ ಕೆಂಪು ಹತ್ತಿಸಿಕೊಂಡು ಪಕ್ಕದಲ್ಲೆಲ್ಲೋ ಹೊರಗೆ ಬರುತ್ತದೆ. ಬೆರಳುಗಳ ಹಿಂದೆ ಟಾರ್ಚ್ ಹಿಡಿದರೆ ಬೆರಳಂಚು ಕೆಂಪಗೆ ಹೊಳೆಯುವುದು ಇದರಿಂದಲೇ. ಈ ಒಳಚದುರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮುಖ ಮೇಣದ ಬೊಂಬೆಯಷ್ಟೂ ಜೀವಂತವಾಗಿ ಕಾಣುವುದಿಲ್ಲ. ಕಂಪ್ಯೂಟರ್ ಗ್ರಾಫಿಕ್ಸ್ ವಿಜ್ಞಾನಿ ಹೆನ್ರಿಕ್ ವಾನ್ ಯೆನ್ಸೆನ್ ಮತ್ತು ಅವರ ಜೊತೆಗಾರರು 2001ರಲ್ಲಿ ಇದನ್ನು ಸಿನಿಮಾಕ್ಕೆ ಒಗ್ಗುವಷ್ಟು ಬೇಗ ಲೆಕ್ಕ ಹಾಕುವ ದಾರಿ ತೋರಿಸಿದರು. ಆ ಕೆಲಸಕ್ಕೆ 2004ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಅಲ್ಲಿಂದ ಮುಂದೆ ಮೇಲ್ಮೈ ಓಟ ಕಿತ್ತಿತು, ಚಲನೆ ಹಿಂದೆ ಉಳಿಯಿತು. 2001ರ ‘ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್’ ಚಿತ್ರದ ನಾಯಕಿಯ ತಲೆಯ ಮೇಲೆ ಸುಮಾರು 60,000 ಕೂದಲೆಳೆಗಳಿದ್ದವು. ಅವಳ ಒಂದು ಸ್ತಬ್ಧ ಚಿತ್ರವನ್ನು ಪತ್ರಿಕೆಯ ಮುಖಪುಟಕ್ಕೆ ಹಾಕಿದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಬಾಯಿ ತೆರೆದು ಮಾತಾಡಿದೊಡನೆ ಗುಟ್ಟು ರಟ್ಟಾಗುತ್ತಿತ್ತು. ಸುಮಾರು 13.7 ಕೋಟಿ ಡಾಲರ್ ಸುರಿದ ಚಿತ್ರ ಹಾಕಿದ ಹಣ ತರಲಿಲ್ಲ, ಅದನ್ನು ಮಾಡಿದ ಸ್ಟುಡಿಯೋ ಬಾಗಿಲು ಹಾಕಿತು.

ಕಣ್ಣು, ರೆಪ್ಪೆ, ಹಲ್ಲು

ಇಂಥ ಸೋಲುಗಳ ಬಗ್ಗೆ ಮಾತು ಬಂದಾಗಲೆಲ್ಲ ಜಪಾನಿನ ರೋಬಾಟ್ ವಿಜ್ಞಾನಿ ಮಸಾಹಿರೊ ಮೋರಿ ಅವರ ಹೆಸರು ಬರುತ್ತದೆ. 1970ರಲ್ಲಿ ಅವರು ಬರೆದ ಒಂದು ಪುಟ್ಟ ಪ್ರಬಂಧದ ಸಾರ ಇಷ್ಟು: ರೋಬಾಟ್ ಮನುಷ್ಯನನ್ನು ಹೋಲುತ್ತ ಹೋದಂತೆ ಅದರ ಮೇಲೆ ನಮ್ಮ ಅಕ್ಕರೆ ಹೆಚ್ಚುತ್ತದೆ, ಆದರೆ ಹೋಲಿಕೆ ಇನ್ನೇನು ಪೂರ್ತಿಯಾಗಬೇಕು ಎನ್ನುವ ಹಂತದಲ್ಲಿ ಆ ಅಕ್ಕರೆ ಥಟ್ಟನೆ ಕುಸಿದು ಅಸಹ್ಯವಾಗಿ ಮಾರ್ಪಡುತ್ತದೆ. ಆ ಕುಸಿತಕ್ಕೆ ‘ಅನ್‌ಕ್ಯಾನಿ ವ್ಯಾಲಿ’, ಅಂದರೆ ವಿಲಕ್ಷಣ ಕಂದರ ಎಂಬ ಹೆಸರು ಜಗತ್ತಿನಲ್ಲೆಲ್ಲ ನಿಂತಿದೆ. ಮೋರಿ ಕೊಟ್ಟ ಉದಾಹರಣೆ ಕೃತಕ ಕೈ. ನೋಡಲು ಥೇಟ್ ಮನುಷ್ಯನ ಕೈ, ಕುಲುಕಿದರೆ ಎಲುಬಿಲ್ಲದ ತಣ್ಣನೆಯ ಹಿಡಿತ. ಚಲನೆ ಸೇರಿದಾಗ ಕುಸಿತ ಇನ್ನೂ ಆಳವಾಗುತ್ತದೆ ಎಂದೂ ಅವರು ಹೇಳಿದ್ದರು. ಈ ಪ್ರಬಂಧವನ್ನು ಉಲ್ಲೇಖಿಸುವವರು ಬಿಟ್ಟುಬಿಡುವ ಒಂದು ಮಾತು ಅದರ ಕೊನೆಯಲ್ಲಿದೆ: ಪೂರ್ಣ ಹೋಲಿಕೆಯ ಶಿಖರಕ್ಕೆ ಹಾರಲು ಹೋಗಬೇಡಿ, ಕಂದರಕ್ಕೆ ಮುಂಚಿನ ಸಣ್ಣ ಶಿಖರದಲ್ಲೇ ನಿಲ್ಲಿ ಎಂದು ಅವರು ವಿನ್ಯಾಸಕಾರರಿಗೆ ಸಲಹೆ ಕೊಟ್ಟಿದ್ದರು. ಅನಿಮೇಷನ್‌ನಲ್ಲಿ ಆ ಸಣ್ಣ ಶಿಖರದ ಹೆಸರೇ ಕಾರ್ಟೂನ್ ಎನ್ನಬಹುದು.

ಮೋರಿ ಎಳೆದದ್ದು ಒಂದೇ ಗೆರೆ. ಅದನ್ನು ಬಿಡಿಸಿ ನೋಡಿದ ಪ್ರಯೋಗ 2015ರಲ್ಲಿ ಬಂತು. ಸಂಶೋಧಕ ಎಡ್ವರ್ಡ್ ಝೆಲ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಮಾಡಿದ ಮುಖಗಳ ಆಕಾರವನ್ನೂ ಚರ್ಮವನ್ನೂ ಬೇರೆಬೇರೆಯಾಗಿ ಬದಲಿಸಿ ಜನರಿಗೆ ತೋರಿಸಿದರು. ಮುಖ ನೈಜ ಅನ್ನಿಸುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಆಕಾರ ಎಂದು ಕಂಡುಬಂತು. ಹಿತವೆನ್ನಿಸುವುದರಲ್ಲಿ ಚರ್ಮದ ಪಾಲು ದೊಡ್ಡದು. ಎರಡರ ನಡುವೆ ಹೊಂದಾಣಿಕೆ ಬಹಳ ತಪ್ಪಿದಾಗ ಮುಖ ವಿಕಾರ ಅನ್ನಿಸಿತು. ಕಾರ್ಟೂನ್ ಕಣ್ಣಿನ ಸುತ್ತ ರಂಧ್ರ ರಂಧ್ರವಾದ ನಿಜಚರ್ಮ ಹೊದಿಸಿದರೆ ಬೆಚ್ಚಿಬೀಳುವಂತಾಗುವುದು ಅದಕ್ಕೇ.

ಕಣ್ಣನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಜವಾದ ಕಣ್ಣು ಒಂದೇ ಕಡೆ ನೆಟ್ಟಿರುವುದಿಲ್ಲ. ಎದುರಿಗಿರುವವರ ಮುಖ ನೋಡುವಾಗಲೂ ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಅಲ್ಲಿಂದ ತುಟಿಗೆ ಪುಟ್ಟ ಪುಟ್ಟ ನೆಗೆತಗಳಲ್ಲಿ ಓಡಾಡುತ್ತಲೇ ಇರುತ್ತದೆ. ಕಣ್ಣು ಕೆಳಗಿಳಿದರೆ ಮೇಲ್ರೆಪ್ಪೆ ಜೊತೆಗೇ ಇಳಿಯುತ್ತದೆ, ಕೆಳರೆಪ್ಪೆಯ ಉಬ್ಬು ಸ್ವಲ್ಪ ಸರಿಯುತ್ತದೆ. ರೆಪ್ಪೆ ಕಣ್ಣಿಗೆ ತಾಗುವ ಕಡೆ ತೆಳ್ಳಗಿನ ತೇವದ ಗೆರೆಯಿದ್ದು ಅದರ ಮೇಲೆ ಬೆಳಕು ಮಿನುಗುತ್ತದೆ. ನೋಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂರ ಹೊರಳುವಾಗ ಅನೇಕ ಸಲ ರೆಪ್ಪೆ ಮಿಟುಕುತ್ತದೆ. ಇವುಗಳಲ್ಲಿ ಯಾವುದನ್ನೂ ನಾವು ಗಮನಿಸಿ ನೋಡುವುದಿಲ್ಲ. ಒಂದು ಇಲ್ಲದಿದ್ದರೂ ಏನೋ ಸರಿಯಿಲ್ಲ ಎಂಬುದು ಮಾತ್ರ ತಕ್ಷಣ ಗೊತ್ತಾಗುತ್ತದೆ. ಮುಖಕ್ಕೆ ಚುಕ್ಕಿ ಅಂಟಿಸಿ ಚಲನೆ ಹಿಡಿಯುವ ವಿಧಾನದ ದೊಡ್ಡ ತೊಡಕು ಇಲ್ಲೇ: ಕಣ್ಣುಗುಡ್ಡೆಗೆ ಚುಕ್ಕಿ ಅಂಟಿಸಲಾಗುವುದಿಲ್ಲ. ಮೈ ನಟನದ್ದು, ನೋಟ ಆಮೇಲೆ ಸೇರಿಸಿದ್ದು. ಜೆಮೆಕಿಸ್ ತಂಡ 2007ರ ‘ಬಿಯೋವುಲ್ಫ್’ ಹೊತ್ತಿಗೆ ಕಣ್ಣಿನ ಸುತ್ತ ಸಂವೇದಕ ಇಟ್ಟು, ಕಣ್ಣು ಹೊರಳುವಾಗಿನ ವಿದ್ಯುತ್ ಸಂಕೇತವನ್ನೇ ದಾಖಲಿಸಿಕೊಂಡಿತು. ಕೊರತೆ ಎಲ್ಲಿದೆ ಎಂಬುದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಕಾರ್ಟೂನ್ ಮುಖ ಇದೇ ಸಮಸ್ಯೆಯನ್ನು ಬೇರೆ ರೀತಿ ಬಗೆಹರಿಸುತ್ತದೆ. ಕಣ್ಣು ದೊಡ್ಡದಾದಷ್ಟೂ ನೋಟದ ದಿಕ್ಕು ಸ್ಪಷ್ಟ, ಹುಬ್ಬು ದಪ್ಪವಾದಷ್ಟೂ ಮನಸ್ಸಿನ ಸ್ಥಿತಿ ಸ್ಪಷ್ಟ. ನೂರು ಸೂಕ್ಷ್ಮಗಳನ್ನು ಕೈಬಿಟ್ಟು ನಾಲ್ಕನ್ನು ಹಿಗ್ಗಿಸುತ್ತಾರೆ. ಅಂಥ ಮುಖದಲ್ಲಿ ತೇವದ ಗೆರೆ ಇಲ್ಲವೆಂದು ಯಾರೂ ಕೊರಗುವುದಿಲ್ಲ, ಯಾಕೆಂದರೆ ಅದು ಇರುತ್ತದೆಂದು ಆ ಮುಖ ಭರವಸೆ ಕೊಟ್ಟೇ ಇರಲಿಲ್ಲ. ಇದನ್ನು ತಲೆಕೆಳಗು ಮಾಡಿದಾಗ ಏನಾಗುತ್ತದೆಂದು 2019ರಲ್ಲಿ ಎಲ್ಲರೂ ನೋಡಿದರು. ‘ಸೋನಿಕ್’ ಎಂಬ ನೀಲಿ ಮುಳ್ಳುಹಂದಿಯ ಚಿತ್ರದ ಟ್ರೇಲರ್‌ನಲ್ಲಿ ವಿಡಿಯೊ ಗೇಮ್‌ನಿಂದ ಬಂದ ಆ ಪಾತ್ರಕ್ಕೆ ಮನುಷ್ಯನ ಹಲ್ಲು, ಸಣ್ಣ ಬಿಡಿಬಿಡಿ ಕಣ್ಣು ಜೋಡಿಸಿದ್ದರು. ವಿರೋಧ ಎಷ್ಟು ಜೋರಾಗಿತ್ತೆಂದರೆ ಪಾತ್ರವನ್ನು ಹೊಸದಾಗಿ ವಿನ್ಯಾಸ ಮಾಡಿ, ಬಿಡುಗಡೆಯನ್ನು ನವೆಂಬರ್‌ನಿಂದ 2020ರ ಫೆಬ್ರುವರಿಗೆ ಮುಂದೂಡಬೇಕಾಯಿತು.

ಒಂದು ನೆಗೆತ, ಎರಡು ರೀತಿ

ಒಬ್ಬ ಹುಡುಗ ಹಳ್ಳ ದಾಟಲು ನೆಗೆಯುತ್ತಾನೆ ಅಂದುಕೊಳ್ಳಿ. ಮೋಷನ್ ಕ್ಯಾಪ್ಚರ್‌ನಲ್ಲಿ ನಟ ನಿಜವಾಗಿಯೇ ನೆಗೆಯುತ್ತಾನೆ, ಕೀಲುಗಳ ಸ್ಥಾನ ಫ್ರೇಮ್ ಫ್ರೇಮಿಗೂ ದಾಖಲಾಗುತ್ತದೆ. ಕೀ ಫ್ರೇಮ್ ವಿಧಾನದಲ್ಲಿ ಅನಿಮೇಟರ್ ಮುಖ್ಯ ಭಂಗಿಗಳನ್ನು ತಾನೇ ಕೂರಿಸುತ್ತಾನೆ. ಮೊದಲು ಹುಡುಗನನ್ನು ಮೊಣಕಾಲು ಮುಟ್ಟುವಷ್ಟು ಕುಗ್ಗಿಸುತ್ತಾನೆ, ಕೈಗಳನ್ನು ಹಿಂದಕ್ಕೆ ಬೀಸಿಸುತ್ತಾನೆ. ಹಾರುವಾಗ ಮೈಯನ್ನು ಉದ್ದಕ್ಕೆ ಎಳೆಯುತ್ತಾನೆ. ನೆಗೆತದ ತುತ್ತತುದಿಯಲ್ಲಿ ಒಂದೆರಡು ಫ್ರೇಮ್ ಹೆಚ್ಚಿಗೆ ನಿಲ್ಲಿಸುತ್ತಾನೆ. ಇಳಿದಾಗ ಮತ್ತೆ ಚಪ್ಪಟೆಯಾಗಿಸಿ, ತಲೆಗೂದಲನ್ನು ಸ್ವಲ್ಪ ತಡವಾಗಿ ಬೀಳಿಸುತ್ತಾನೆ. ಭೌತಶಾಸ್ತ್ರದ ಪ್ರಕಾರ ಇದರಲ್ಲಿ ಅರ್ಧ ಸುಳ್ಳು. ಆದರೆ ನೋಡುವವರಿಗೆ ಹುಡುಗನ ತೂಕ, ಅಂಜಿಕೆ, ಹುಮ್ಮಸ್ಸು ಎಲ್ಲವೂ ಮೊದಲನೆಯದಕ್ಕಿಂತ ಹೆಚ್ಚು ಮುಟ್ಟುತ್ತದೆ.

ನಟ ನಿಜವಾಗಿ ನೆಗೆದಿದ್ದರೂ ಪಾತ್ರ ಹಗುರವಾಗಿ ತೇಲಿದಂತೆ ಕಾಣುವುದಕ್ಕೆ ಕಾರಣವಿದೆ. ನಟನ ಕಾಲು ಉದ್ದ, ಪಾತ್ರದ ಕಾಲು ಗಿಡ್ಡ. ಒಬ್ಬರ ಚಲನೆಯನ್ನು ಇನ್ನೊಬ್ಬರ ಮೈಗೆ ಹೊಂದಿಸುವಾಗ ಪಾದ ನೆಲದ ಮೇಲೆ ಕೂದಲೆಳೆಯಷ್ಟು ಜಾರುತ್ತದೆ, ಕೈ ಹಿಡಿದ ವಸ್ತುವಿಗೂ ಅಂಗೈಗೂ ನಡುವೆ ಸಣ್ಣ ಸಂದು ಉಳಿಯುತ್ತದೆ. ನಟನ ಹೊಟ್ಟೆ, ಕೆನ್ನೆಯ ಮಾಂಸ ಇಳಿದಾಗ ಅದುರಿದ್ದು ಕೀಲುಗಳ ದಾಖಲೆಯಲ್ಲಿ ಬರುವುದೇ ಇಲ್ಲ. ತೂಕ ಸೋರಿಹೋಗುವುದು ಇಂಥ ಸಂದುಗಳಲ್ಲೇ.

ಕಂಪ್ಯೂಟರ್ ಬರುವುದಕ್ಕೆ ಬಹಳ ಮುಂಚೆಯೇ ಈ ವಾದ ಶುರುವಾಗಿತ್ತು. ನಟರನ್ನು ಚಿತ್ರೀಕರಿಸಿ ಆ ಫಿಲ್ಮಿನ ಮೇಲೆ ಗೆರೆ ಎಳೆಯುವ ರೋಟೋಸ್ಕೋಪ್ ಯಂತ್ರಕ್ಕೆ ಅಮೆರಿಕದ ಅನಿಮೇಟರ್ ಮ್ಯಾಕ್ಸ್ ಫ್ಲೈಶರ್ 1915ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ವಾಲ್ಟ್ ಡಿಸ್ನಿ 1935ರ ಡಿಸೆಂಬರ್‌ನಲ್ಲಿ ತಮ್ಮ ಸ್ಟುಡಿಯೋದ ಕಲಾಶಿಕ್ಷಕ ಡಾನ್ ಗ್ರಹಾಂ ಅವರಿಗೆ ಬರೆದ ದೀರ್ಘ ಟಿಪ್ಪಣಿಯಲ್ಲಿ, ನಿಜ ಚಲನೆಯನ್ನು ನಕಲು ಮಾಡುವುದು ಕಾರ್ಟೂನಿನ ಮೊದಲ ಕರ್ತವ್ಯವಲ್ಲ, ಬದುಕನ್ನು ಉತ್ಪ್ರೇಕ್ಷಿಸಿ ತೋರಿಸುವುದೇ ಅದರ ಕೆಲಸ ಎಂದರು. ಅದೇ ಟಿಪ್ಪಣಿಯಲ್ಲಿ, ನಿಜ ಹೇಗಿದೆ ಎಂದು ಮೊದಲು ತಿಳಿಯದಿದ್ದರೆ ಅದರ ಮೇಲೆ ಕಲ್ಪನೆ ಕಟ್ಟಲಾಗದು ಎಂದೂ ಸೇರಿಸಿದರು. ಎರಡನ್ನೂ ಜೊತೆಗಿಟ್ಟು ಓದಬೇಕು. ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1987ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಮಾಡಿದ್ದು ಇದೇ ಕೆಲಸ: ಕುಗ್ಗಿಸಿ ಹಿಗ್ಗಿಸುವುದು, ಮುನ್ಸೂಚನೆ ಕೊಡುವುದು ಮುಂತಾದ ಕೈಯಲ್ಲಿ ಚಿತ್ರ ಬರೆಯುತ್ತಿದ್ದ ಕಾಲದ ಸೂತ್ರಗಳು ಹೊಸ ಯಂತ್ರಕ್ಕೂ ಬೇಕು ಎಂದು ಅದು ತೋರಿಸಿಕೊಟ್ಟಿತು. ಪಿಕ್ಸಾರ್ ಈ ವಿಷಯದಲ್ಲಿ ಎಷ್ಟು ಹಠದಲ್ಲಿತ್ತೆಂದರೆ, 2007ರ ‘ರಾಟಟೂಯಿ’ ಚಿತ್ರದ ಕೊನೆಯಲ್ಲಿ ಇದು ನೂರಕ್ಕೆ ನೂರು ಅನಿಮೇಷನ್, ಮೋಷನ್ ಕ್ಯಾಪ್ಚರ್ ಬಳಸಿಲ್ಲ ಎಂದು ಪ್ರಮಾಣಪತ್ರದ ಹಾಗೆ ಹಾಕಿಕೊಂಡಿತು.

ಆ ಹಠ ನನಗೆ ಅರ್ಥವಾಗುತ್ತದೆ, ಆದರೆ ಮೋಷನ್ ಕ್ಯಾಪ್ಚರ್ ಅಡ್ಡದಾರಿ ಎಂಬುದನ್ನು ಒಪ್ಪಲಾರೆ. ಆಂಡಿ ಸರ್ಕಿಸ್ ಅವರ ಅಭಿನಯವಿಲ್ಲದೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಗಾಲಮ್ ಎಂಬ ಪಾತ್ರ ಇಲ್ಲ. 2009ರ ‘ಅವತಾರ್’ ನಟರ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಮುಖವನ್ನು ಎದುರಿನಿಂದಲೇ ಹಿಡಿಯಿತು, ಜೊತೆಗೆ ಪಾತ್ರಗಳಿಗೆ ನೀಲಿ ಚರ್ಮ, ಬೆಕ್ಕಿನಂಥ ಅಗಲ ಕಣ್ಣು ಕೊಟ್ಟಿತು. ನಟನ ಚಲನೆ ನಿಜ, ಆಕಾರ ಮನುಷ್ಯನಿಂದ ಎರಡು ಹೆಜ್ಜೆ ದೂರ. ಆ ಎರಡು ಹೆಜ್ಜೆ ಬಹಳಷ್ಟನ್ನು ಕಾಪಾಡಿತು.

ಪ್ರಾಣಿ, ನೀರು, ಹಿಮ

ಮಾತಾಡುವ ಪ್ರಾಣಿಗಳ ಕಥೆಯಲ್ಲಿ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. 1942ರ ‘ಬ್ಯಾಂಬಿ’ಗಾಗಿ ಡಿಸ್ನಿ ಸ್ಟುಡಿಯೋಗೆ ಜೀವಂತ ಜಿಂಕೆಮರಿಗಳನ್ನೇ ತಂದು ಅಧ್ಯಯನ ಮಾಡಿದರು. ಕಾಲಿನ ಎಲುಬು, ಕತ್ತಿನ ತಿರುವು ಎಲ್ಲ ಜಿಂಕೆಯದೇ. ಮುಖಕ್ಕೆ ಬಂದಾಗ ಕಲಾವಿದ ಮಾರ್ಕ್ ಡೇವಿಸ್ ಮನುಷ್ಯಶಿಶುಗಳ ಮುಖಭಾವವನ್ನು ಅದಕ್ಕೆ ಬೆರೆಸಿದರು. 2019ರ ‘ದಿ ಲಯನ್ ಕಿಂಗ್’ ಈ ಬೆರಕೆಯನ್ನು ಕೈಬಿಟ್ಟಿತು. ಆರಂಭದ ಸೂರ್ಯೋದಯದ ಒಂದು ಶಾಟ್ ಮಾತ್ರ ಕ್ಯಾಮೆರಾದಲ್ಲಿ ತೆಗೆದದ್ದು, ಉಳಿದದ್ದೆಲ್ಲ ಕಂಪ್ಯೂಟರಿನದು ಎಂದು ನಿರ್ದೇಶಕ ಜಾನ್ ಫ್ಯಾವ್ರೊ ಹೇಳಿದಾಗ ನಂಬುವುದೇ ಕಷ್ಟವಾಗಿತ್ತು. ಅಷ್ಟು ಸೊಗಸಾದ ಕೆಲಸ. ಆದರೆ ಸಿಂಹದ ಮುಖದಲ್ಲಿ ಹುಬ್ಬಿಲ್ಲ, ತುಟಿ ನಮ್ಮಂತೆ ಬಾಗುವುದಿಲ್ಲ. ಅಪ್ಪನನ್ನು ಕಳೆದುಕೊಂಡ ಮರಿಯ ದನಿ ಬಿಕ್ಕುತ್ತಿದ್ದರೆ ಮುಖ ಸುಮ್ಮನೆ ನೋಡುತ್ತಿರುತ್ತದೆ. ಚಿತ್ರ 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು; ಜನ ಅದನ್ನು ತಿರಸ್ಕರಿಸಿದರು ಎಂದು ಯಾರೂ ಹೇಳುವಂತಿಲ್ಲ. ಆದರೂ ಆ ದೃಶ್ಯದಲ್ಲಿ ದುಃಖವನ್ನು ಹೊತ್ತದ್ದು ಧ್ವನಿಯೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಖವಿಲ್ಲದ ವಸ್ತುಗಳಲ್ಲಿ ನೈಜತೆಗೆ ಇಂಥ ಬೆಲೆ ತೆರಬೇಕಾಗಿಲ್ಲ. 2013ರ ‘ಫ್ರೋಜನ್’ ಚಿತ್ರಕ್ಕಾಗಿ ಹಿಮ ಅಂಟುವುದು, ಮುರಿಯುವುದು, ಪುಡಿಯಾಗುವುದನ್ನು ಗಣಿತದಲ್ಲಿ ಹಿಡಿಯುವ ಹೊಸ ವಿಧಾನವನ್ನೇ ರೂಪಿಸಿದರು. ಆ ನಿಜ ಹಿಮದಲ್ಲಿ ಅಂಗೈಯಗಲ ಕಣ್ಣಿನ ಹುಡುಗಿ ನಡೆದರೆ ವಿಚಿತ್ರ ಅನ್ನಿಸುವುದಿಲ್ಲ. ಚಳಿ ನಿಜ ಅನ್ನಿಸುತ್ತದೆ. ಹಾಗೆಂದು ಮಿತಿ ಇಲ್ಲವೆಂದಲ್ಲ. ‘ಫೈಂಡಿಂಗ್ ನೀಮೋ’ ತಯಾರಿಯಲ್ಲಿ ಪಿಕ್ಸಾರ್ ತಂಡ ನಿಜವಾದ ಸಮುದ್ರದ ತುಣುಕುಗಳನ್ನು ಗುರುತು ಸಿಗದಷ್ಟು ಕರಾರುವಾಕ್ಕಾಗಿ ನಕಲು ಮಾಡಿ ನೋಡಿತು, ಆಮೇಲೆ ಬೇಕೆಂದೇ ಅಲ್ಲಿಂದ ಹಿಂದಕ್ಕೆ ಬಂದು ನೀರಿಗೆ ತನ್ನದೇ ಬಣ್ಣ, ಬೆಳಕು ಕೊಟ್ಟಿತು. ಹಿಂದೆ ಬರದಿದ್ದರೆ ಏನಾಗಬಹುದಿತ್ತೆಂದು 2015ರ ‘ದಿ ಗುಡ್ ಡೈನೋಸಾರ್’ ನೋಡಿದರೆ ತಿಳಿಯುತ್ತದೆ. ಅಲ್ಲಿನ ಬೆಟ್ಟ, ನದಿಗಳಿಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ದತ್ತಾಂಶ ಬಳಸಿದ್ದರು, ಒಂದೊಂದು ಫ್ರೇಮೂ ಛಾಯಾಚಿತ್ರದಂತಿದೆ. ಅದರ ಮುಂದೆ ಆಟಿಕೆಯಂತೆ ನುಣ್ಣಗಿರುವ ಹಸಿರು ಡೈನೋಸಾರ್ ನಿಂತಾಗ ಅದು ಆ ಲೋಕದಲ್ಲಿ ಹುಟ್ಟಿದ್ದು ಅನ್ನಿಸುವುದೇ ಇಲ್ಲ.

ನುಣುಪನ್ನು ಮುರಿದವರು

2018ರ ‘ಸ್ಪೈಡರ್-ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್’ ಬರುವ ತನಕ ದೊಡ್ಡ ಸ್ಟುಡಿಯೋಗಳ ಚಿತ್ರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮುಖಲಕ್ಷಣವಿತ್ತು: ಕಾರ್ಟೂನ್ ಆಕಾರ, ನೈಜ ಬೆಳಕು, ನುಣ್ಣನೆಯ ಚಲನೆ. ಆ ಚಿತ್ರದ ತಂಡ ಯಂತ್ರ ತಾನಾಗಿ ಕೊಡುವ ನುಣುಪನ್ನೇ ಬೇಡವೆಂದಿತು. ವೇಗದ ಚಲನೆಯಲ್ಲಿ ಕ್ಯಾಮೆರಾದಂತೆ ಚಿತ್ರ ಮಸುಕಾಗುವುದನ್ನು ತೆಗೆದುಹಾಕಿತು, ಹಳೆಯ ಕಾಮಿಕ್ಸ್ ಮುದ್ರಣದ ಚುಕ್ಕಿಗಳನ್ನು ಮೇಲ್ಮೈಗೆ ತಂದಿತು, ಮುಖದ ಮೇಲೆ ಶಾಯಿಯ ಗೆರೆ ಎಳೆಯಿತು. ಅನೇಕ ಕಡೆ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ನಿಲ್ಲಿಸಿತು, ಅಂದರೆ ಸೆಕೆಂಡಿಗೆ 24ರ ಬದಲು 12 ಭಂಗಿ. ಕಾಡಿನಲ್ಲಿ ಮೈಲ್ಸ್ ಎಂಬ ಹುಡುಗ ಬಲೆ ಹಿಡಿದು ಜೀಕಲು ಕಲಿಯುವ ದೃಶ್ಯವನ್ನು ಗಮನಿಸಿ ನೋಡಿ. ಅನುಭವಿ ಸ್ಪೈಡರ್-ಮ್ಯಾನ್ ಪೀಟರ್ 24 ಭಂಗಿಗಳಲ್ಲಿ ಸರಾಗವಾಗಿ ಹಾರಿದರೆ ಪಕ್ಕದಲ್ಲೇ ಮೈಲ್ಸ್ 12ರಲ್ಲಿ ಎಡವುತ್ತಿರುತ್ತಾನೆ. ಅವನು ಕಲಿಯುತ್ತ ಹೋದಂತೆ ಚಲನೆಯೂ ಸರಾಗವಾಗುತ್ತದೆ. ನೈಜತೆಯ ಪ್ರಮಾಣವೇ ಇಲ್ಲಿ ಕಥೆ ಹೇಳುತ್ತದೆ.

2024ರಲ್ಲಿ ಬಂದ ಎರಡು ಚಿತ್ರಗಳು ಇದನ್ನು ಬೇರೆ ಬೇರೆ ದಿಕ್ಕಿಗೆ ಒಯ್ದವು. ‘ದಿ ವೈಲ್ಡ್ ರೋಬಾಟ್’ನಲ್ಲಿ ಕಾಡು, ಪ್ರಾಣಿ ಎಲ್ಲವೂ ಕುಂಚದಲ್ಲಿ ಬಳಿದಂತಿದ್ದು, ರೋಬಾಟ್ ಮಾತ್ರ ಮೊದಲಲ್ಲಿ ಕಂಪ್ಯೂಟರಿನ ಸ್ವಚ್ಛ ಮೇಲ್ಮೈ ಹೊತ್ತಿರುತ್ತದೆ, ಕಾಡಿನಲ್ಲಿ ದಿನ ಕಳೆದಂತೆ ಅದರ ಮೈಯೂ ಕುಂಚದ ಗುರುತುಗಳಿಗೆ ತಿರುಗುತ್ತದೆ. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ನಿರ್ದೇಶಿಸಿದ ‘ಫ್ಲೋ’ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ತಯಾರಾದದ್ದು. ಅದರಲ್ಲಿ ಒಂದೂ ಸಂಭಾಷಣೆ ಇಲ್ಲ. ಅದರ ಮುಖ್ಯ ಪಾತ್ರವಾದ ಬೆಕ್ಕಿನ ಮೈಮೇಲೆ ಕೂದಲೆಳೆಗಳೂ ಇಲ್ಲ, ದೊಡ್ಡ ದೊಡ್ಡ ಬಣ್ಣದ ತೇಪೆಗಳಷ್ಟೇ. ಚಲನೆ ಮಾತ್ರ ಅಪ್ಪಟ ಬೆಕ್ಕಿನದು: ಕಿವಿ ಹಿಂದಕ್ಕೆ ಸರಿಯುವುದು, ನೀರು ಕಂಡು ಪಂಜ ಎಳೆದುಕೊಳ್ಳುವುದು, ನೆಗೆಯುವ ಮುನ್ನ ಸೊಂಟ ಅಲುಗಿಸಿ ಅಂದಾಜು ಮಾಡುವುದು. ಹುಬ್ಬಿಲ್ಲದ, ನಗಲಾರದ ಆ ಮುಖ ನೋಡುತ್ತ ನಮಗೆ ಅದರ ಭಯ ತಿಳಿಯುತ್ತದೆ, ಯಾಕೆಂದರೆ ಅದನ್ನು ಹೇಳುವ ಹೊಣೆ ಮೈಗೆ ಸಿಕ್ಕಿದೆ, ಮೇಲ್ಮೈ ಅದಕ್ಕೆ ಅಡ್ಡ ಬಂದಿಲ್ಲ. 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್‌ಗೆ ಈ ಎರಡೂ ಸ್ಪರ್ಧೆಯಲ್ಲಿದ್ದವು, ಗೆದ್ದದ್ದು ‘ಫ್ಲೋ’.